ಮುನ್ನೂರ ಎಪ್ಪತ್ತೇಳು ವರ್ಷದ ಹಸು

ತೊಂದರೆ ಶುರುವಾದದ್ದು ಪಿತಾಂಗಾ ಎಂಬ ಹಸುವಿನ ಎಡಗಿವಿಯಿಂದ. ಬೆಳಿಗ್ಗೆ ಎಂಟೂವರೆಗೆ ಎಬೆರ್ ಲರ್ರೋಸಾ ಆ ಕಿವಿಗೆ ಚುಚ್ಚಿದ್ದ ಗುರುತಿನ ಹಳದಿ ಓಲೆಯ ಹತ್ತಿರ ಓದುವ ಕೋಲನ್ನು ಹಿಡಿದ. ಕೋಲು ಕುಂಯ್ ಎಂದಿತು. ಅವನ ಕೈಯಲ್ಲಿದ್ದ ಹೊಸ ಟ್ಯಾಬ್ಲೆಟ್ಟಿನ ಮೇಲೆ ಅಕ್ಷರಗಳು ಮೂಡಿದವು: ಹೆಣ್ಣು, ಕೆಂಪು ಮೈ, ಬಿಳಿ ಮುಖ, ಯಜಮಾನ ಅಲ್ಸಿದೆಸ್ ಬರ್ರೇತೊ, ಹುಟ್ಟಿದ್ದು ಅಕ್ಟೋಬರ್ 1647.

ಎಬೆರ್ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಕೋಲು ಹಿಡಿದ. ಮತ್ತೆ 1647.

ಮನುಷ್ಯರಿಗಿಂತ ದನಗಳೇ ಮೂರು ಪಟ್ಟು ಹೆಚ್ಚಿರುವ ಈ ಉರುಗ್ವೆಯಲ್ಲಿ ಕಿವಿಯಲ್ಲಿ ಓಲೆಯಿಲ್ಲದ ದನ ಪೇಟೆಗೂ ಹೋಗುವಂತಿಲ್ಲ, ಪರಲೋಕಕ್ಕೂ ಹೋಗುವಂತಿಲ್ಲ. ಓಲೆಯನ್ನು ಓದುವ ಪ್ರೋಗ್ರಾಮನ್ನು ಮಾಡುತ್ತಿದ್ದದ್ದು ಎಬೆರ್ ಕೆಲಸಕ್ಕಿದ್ದ ಮೊಂತೆವಿದೇಯೊದ ಸಣ್ಣ ಕಂಪನಿ. ಆ ಪ್ರೋಗ್ರಾಮಿನ ಹೊಟ್ಟೆಯೊಳಗೆ ಒಂದು ಪುಟ್ಟ ಡೇಟಾಬೇಸ್ ಲೈಬ್ರರಿ ಇತ್ತು. ಅದಕ್ಕೆ ಸರ್ವರ್ ಬೇಡ, ನೆಟ್‌ವರ್ಕ್ ಬೇಡ. ಅಡುಗೆಮನೆಯ ಸಾಸಿವೆ ಡಬ್ಬಿಯ ಹಾಗೆ ಎಲ್ಲಿಟ್ಟರೆ ಅಲ್ಲಿ ಕೂತು, ಹಾಕಿದ್ದನ್ನು ಕಾಪಾಡಿ, ಕೇಳಿದಾಗ ಕೊಡುತ್ತಿತ್ತು. ಇಪ್ಪತ್ತು ವರ್ಷದ ಹಿಂದೆ ಅದನ್ನು ನೆಲ್ಲಿ ಸಿಲ್ವೇರಾ ಎಂಬ ಹೆಂಗಸು ಒಬ್ಬಳೇ ಕೂತು ಬರೆದಿದ್ದಳು. ಒಂಬತ್ತು ಸಾವಿರ ಸಾಲು. ಬರೆದು ಮುಗಿಸಿ, ಕೆಲಸದಿಂದ ನಿವೃತ್ತಳಾಗಿ, ಸಮುದ್ರದ ಕಡೆ ಮನೆ ಮಾಡಿ, ಜೇನು ಸಾಕುತ್ತಿದ್ದಳಂತೆ.

ಹಳೆಯ ಓದುಗೋಲಿನ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಮಾತ್ರ ಬದುಕಿದ್ದ ಆ ಲೈಬ್ರರಿಯನ್ನು ಮೂರು ಹೊಸ ಸಿಸ್ಟಮ್ಮುಗಳಿಗೆ ಒಯ್ದು ನೆಡುವ ಕೆಲಸ ಎಬೆರ್‌ನ ಪಾಲಿಗೆ ಬಂದಿತ್ತು: ರೈತರ ಟ್ಯಾಬ್ಲೆಟ್, ಪಶುವೈದ್ಯರ ಫೋನು, ಆಫೀಸಿನ ಕಂಪ್ಯೂಟರ್. ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳಲ್ಲಿ ಅವನಿಗೆ ನೆಲ್ಲಿಯ ಮೇಲೆ ಭಕ್ತಿಯೇ ಹುಟ್ಟಿತ್ತು. ಒಮ್ಮೆ ಪರೀಕ್ಷೆಗೆಂದು, ಬರೆಯುತ್ತಿರುವಾಗಲೇ ಇನ್ನೂರು ಸಲ ಬ್ಯಾಟರಿ ಕಿತ್ತಿದ್ದ. ಇನ್ನೂರು ಸಲವೂ ಒಂದು ದಾಖಲೆ ಕಳೆಯಲಿಲ್ಲ, ಒಂದು ಅಂಕಿ ಕದಲಲಿಲ್ಲ. ಅವತ್ತು ಅವನು ಊಟಕ್ಕೇಳದೆ ಪರದೆಯನ್ನೇ ನೋಡುತ್ತ ಕೂತಿದ್ದ.

ಈ ಹೊತ್ತು ಆ ಕೆಲಸಕ್ಕೆ ಹಟ್ಟಿಯಲ್ಲಿ ಮೊದಲ ಪರೀಕ್ಷೆ. ಪಾಸೊ ದೆಲ್ ತಾಲಾ ಎಂಬ ಈ ಊರಿನಿಂದ ನಾಲ್ಕು ಗಂಟೆಗೆ ಕಸಾಯಿಖಾನೆಯ ಲಾರಿ ಹೊರಡಬೇಕು. ನಲವತ್ತೆರಡು ದನ. ಮೇಲಧಿಕಾರಿ ಗ್ರಾಸಿಯೆಲಾ ಹಿಂದಿನ ದಿನವೇ ಹೇಳಿ ಕಳಿಸಿದ್ದಳು: ನಲವತ್ತೆರಡೂ ಹತ್ತಿದರೆ ದೇಶವೆಲ್ಲ ನಮ್ಮ ಟ್ಯಾಬ್ಲೆಟ್ ಹಿಡಿಯುತ್ತದೆ, ಒಂದು ತಪ್ಪಿದರೂ ಎಬೆರ್ ಬೇರೆ ಕೆಲಸ ಹುಡುಕಿಕೊಳ್ಳಬಹುದು. ಅಲ್ಲಿಯವರೆಗೆ ತಟ್ಟೆಯಲ್ಲಿ ಬಿಟ್ಟು ಬೇರೆಲ್ಲೂ ದನವನ್ನು ಹತ್ತಿರದಿಂದ ನೋಡಿರದ ಎಬೆರ್ ಹೊಸ ರಬ್ಬರ್ ಬೂಟು ಕೊಂಡು ಬಸ್ಸು ಹತ್ತಿದ್ದ.

ನಲವತ್ತೊಂದು ದನಗಳ ಓಲೆಯನ್ನು ಕೋಲು ಸರಿಯಾಗಿಯೇ ಓದಿತು. ಕೊನೆಯದು ಪಿತಾಂಗಾ.

ಅವನು ಟ್ಯಾಬ್ಲೆಟ್ಟನ್ನು ಎದೆಗೆ ಮುಚ್ಚಿಕೊಳ್ಳುವಷ್ಟರಲ್ಲಿ ಯಜಮಾನನ ಅಳಿಯ ವಿಲ್ಮಾರ್ ಹಿಂದಿನಿಂದ ಇಣುಕಿ ಗಟ್ಟಿಯಾಗಿ ಓದಿಬಿಟ್ಟ. ದನ ಮಾರುವ ಏರ್ಪಾಡು ಮಾಡಿದವನೂ ಇವನೇ. ಓದಿದವನು ಬೇಲಿ ಹಿಡಿದುಕೊಂಡು ನಕ್ಕ. ಆದರೆ ಎಪ್ಪತ್ತೊಂಬತ್ತರ ಮುದುಕ ದೊನ್ ಅಲ್ಸಿದೆಸ್ ನಗಲಿಲ್ಲ. ಕಂಕುಳಲ್ಲಿದ್ದ ಬಿಸಿನೀರ ಫ್ಲಾಸ್ಕನ್ನು ಕಂಬದ ಮೇಲಿಟ್ಟು, ತಲೆಯ ಟೋಪಿ ತೆಗೆದ.

"ಯಾವ ಇಸ್ವಿ ಅಂದ್ಯೋ?"

"ಸಾವಿರದ ಆರ್ನೂರ ನಲವತ್ತೇಳು ಮಾವ."

ಮುದುಕ ಹಸುವಿನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ, "ಅದಕ್ಕೇ ಅಷ್ಟು ಬುದ್ಧಿ," ಎಂದ.

ಎಬೆರ್ ಇದು ಯಂತ್ರದ ತಪ್ಪು, ಒಂದು ಗಂಟೆ ಕೊಟ್ಟರೆ ಸರಿಮಾಡುತ್ತೇನೆ ಎಂದು ವಿನಯದಿಂದ ಹೇಳಿದ. ದೊನ್ ಅಲ್ಸಿದೆಸ್ ಆ ಮಾತನ್ನು ಕೇಳಿಸಿಕೊಳ್ಳದೆ ಶಾಲೆಗೆ ಫೋನು ಮಾಡಿದ.

ಹತ್ತು ಗಂಟೆಗೆ ಟೀಚರ್ ಓಲ್ಗಾ ಹದಿನೆಂಟು ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಬಂದಳು. ಟ್ಯಾಬ್ಲೆಟ್ ನೋಡಿದಳು, ಬೆರಳು ಮಡಿಚಿ ಲೆಕ್ಕ ಹಾಕಿದಳು. ಈ ದೇಶಕ್ಕೆ ಸ್ಪೇನಿನವರ ಗವರ್ನರ್ ಹೆರ್ನಾಂದಾರಿಯಾಸ್ ಮೊದಲ ದನಗಳನ್ನು ತಂದು ನದೀತೀರದಲ್ಲಿ ಬಿಟ್ಟ ಮೂವತ್ತು ವರ್ಷಕ್ಕೆ ಈ ಹಸು ಹುಟ್ಟಿದೆ ಎಂದಳು. ಆಗ ಇಲ್ಲಿ ಊರಿರಲಿಲ್ಲ, ಬೇಲಿಯಿರಲಿಲ್ಲ, ಮೊಂತೆವಿದೇಯೊ ಕೂಡ ಇರಲಿಲ್ಲ. ಬರಿಯ ಹುಲ್ಲು, ಆಕಾಶ, ಮತ್ತು ಪಿತಾಂಗಾ. ಹೇಳುತ್ತ ಹೇಳುತ್ತ ಅವಳ ದನಿಯೇ ತಗ್ಗಿತು. ಮಕ್ಕಳು ಒಬ್ಬೊಬ್ಬರಾಗಿ ಹೋಗಿ ಹಸುವಿನ ಹಣೆ ಮುಟ್ಟಿ ಬಂದರು. ಪಿತಾಂಗಾ ಇಂಥದ್ದನ್ನೆಲ್ಲ ಮೂರು ಶತಮಾನದಿಂದ ನೋಡುತ್ತ ಬಂದವಳ ಹಾಗೆ ಮೆಲುಕು ಹಾಕುತ್ತ ನಿಂತಿದ್ದಳು.

ಹನ್ನೊಂದಕ್ಕೆ ಊರಿನ ಒಂದೇ ಅಂಗಡಿಗೆ ಬೀಗ ಬಿತ್ತು. ಇಡೀ ಊರು ಹಟ್ಟಿಯಲ್ಲಿತ್ತು. ಯಾರೋ ಸ್ಥಳೀಯ ರೇಡಿಯೊಗೆ ತಿಳಿಸಿದ್ದರು. ಗೌರವಕ್ಕೆಂದು ಗಂಡಸರು ಸಿಗರೇಟು ಆರಿಸಿದರು. ಎಬೆರ್ ಒಂದು ಡಬ್ಬದ ಮೇಲೆ ಹತ್ತಿ ನಿಂತು ವಿವರಿಸಲು ನೋಡಿದ.

"ಕಂಪ್ಯೂಟರ್ ದಿನ ಎಣಿಸೋದು ಒಂದು ಮೊದಲ ದಿನದಿಂದ. ಕಾಲ ಶುರುವಾದ ದಿನ ಅಂದ್ಕೊಳ್ಳಿ. ಒಂದೊಂದು ಸಿಸ್ಟಮ್ಮಿಗೆ ಒಂದೊಂದು ಮೊದಲ ದಿನ. ಎಲ್ಲೋ ಎರಡು ಮೊದಲ ದಿನ ಅದಲುಬದಲಾಗಿದೆ ಅಷ್ಟೆ."

ಜನ ಅವನನ್ನು ಕರುಣೆಯಿಂದ ನೋಡಿದರು.

"ಅಲ್ಲಾ ಮಗಾ," ಎಂದ ದೊನ್ ಅಲ್ಸಿದೆಸ್ ಮೆಲ್ಲಗೆ, "ನಿನ್ನ ಪೆಟ್ಟಿಗೆ ನಲವತ್ತೊಂದಕ್ಕೆ ನಿಜ ಹೇಳ್ತು. ಇದೊಂದರ ಮೇಲೆ ಅದಕ್ಕೇನು ಹಗೆ?"

ಎಬೆರ್ ಡಬ್ಬದಿಂದ ಇಳಿದ.

ಮಧ್ಯಾಹ್ನಕ್ಕೆ ಲಾರಿಯ ಕಾಗದಗಳಿಗೆ ಸಹಿ ಹಾಕಬೇಕಾದ ಪಶುವೈದ್ಯೆ ಮಿರ್ತಾ ಬಂದಳು. ಎಬೆರ್‌ಗೆ ಹೋದ ಜೀವ ಬಂದ ಹಾಗಾಯಿತು, ಓದಿದವಳೊಬ್ಬಳಾದರೂ ಬಂದಳಲ್ಲ. ಅವಳು ಯಾರನ್ನೂ ಮಾತಾಡಿಸದೆ ಪಿತಾಂಗಾಳ ನಾಲಿಗೆಯನ್ನು ಪಕ್ಕಕ್ಕೆ ಎಳೆದು ಹಿಡಿದು, ಬಾಯೊಳಗೆ ಬಹಳ ಹೊತ್ತು ನೋಡಿದಳು. ಆಮೇಲೆ ಕೈ ಒರೆಸಿಕೊಳ್ಳುತ್ತ, ಮುನ್ನೂರು ವರ್ಷವೆಲ್ಲ ಕತೆ ಎಂದಳು. ಆದರೆ ತಾನು ಇದುವರೆಗೆ ಪರೀಕ್ಷಿಸಿದ ಯಾವ ಹಸುವಿನ ಬಾಯಲ್ಲೂ ಇಷ್ಟು ಸವೆದ ಹಲ್ಲು ನೋಡಿಲ್ಲ ಎಂದೂ ಸೇರಿಸಿದಳು. ಮುದುಕನ ಕಡೆ ತಿರುಗಿದಳು. ಮುದುಕ ಮೋಡ ನೋಡುತ್ತಿದ್ದ.

ಇವಳೂ ಊರಿನವರ ಜೊತೆ ಸೇರಿದಳೆಂದುಕೊಂಡು ಎಬೆರ್ ಲ್ಯಾಪ್‌ಟಾಪ್ ಎತ್ತಿಕೊಂಡು ಉಣ್ಣೆ ಕತ್ತರಿಸುವ ಕೊಟ್ಟಿಗೆಗೆ ನಡೆದ.

ಉಣ್ಣೆಯ ಮೂಟೆಯ ಮೇಲೆ ಕೂತು ಅವನು ಒಂಬತ್ತು ಸಾವಿರ ಸಾಲಿನೊಳಗೆ ಇಳಿದ. ಸಹಾಯಕ್ಕೆ ಬಂದವರು ಕಡಿಮೆಯಿರಲಿಲ್ಲ. ಆಫೀಸಿನಿಂದ ಇಬ್ಬರು ಸರದಿಯ ಮೇಲೆ ಫೋನು ಮಾಡಿ ತಮ್ಮ ತಮ್ಮ ಸಿಸ್ಟಮ್ಮಿನಲ್ಲಿ ಎಲ್ಲ ಸರಿಯಿದೆ ಎಂದು ಸಮಾಧಾನ ಹೇಳಿದರು. ಅಂಗಡಿಯವನು ಹಿಂದೆ ನಿಂತು, ರೇಡಿಯೊ ಕೆಟ್ಟಾಗ ತಾನು ಹೊರಗಡೆ ತಟ್ಟಿಯೇ ಸರಿಮಾಡುವುದೆಂದು ತಿಳಿಸಿದ. ವಿಲ್ಮಾರನ ಹೆಂಡತಿ ಕೊಬ್ಬಿನಲ್ಲಿ ಕರಿದ ತೋರ್ತಾ ರೊಟ್ಟಿಗಳನ್ನು ತಂದು ಕೀಬೋರ್ಡಿನ ಮೇಲೆಯೇ ಇಟ್ಟಳು. ಆಮೇಲೆ ಅವನು ಒತ್ತಿದ ಅಕ್ಷರಗಳೆಲ್ಲ ಎಣ್ಣೆ ಸ್ನಾನ ಮಾಡಿದ ಮಕ್ಕಳ ಹಾಗೆ ಬೆರಳಿನಿಂದ ಜಾರುತ್ತಿದ್ದವು.

ಕೊನೆಗೆ ಸಿಕ್ಕಿತು. ಉಳಿದ ನಲವತ್ತೊಂದೂ ಎಳೆಯ ದನಗಳು. ಅವುಗಳ ದಿನಾಂಕವನ್ನು ಪ್ರೋಗ್ರಾಮಿನ ಹೊಸ ಆವೃತ್ತಿ ಅಕ್ಷರಗಳಲ್ಲಿ ಬರೆದಿಟ್ಟಿತ್ತು. ಪಿತಾಂಗಾಳದು ಮಾತ್ರ ಹಳೆಯ ಕಾಲದ ದಾಖಲೆ, ಸೆಕೆಂಡುಗಳ ಎಣಿಕೆ. ಹಳೆಯ ಕೋಲು ಎಣಿಸುತ್ತಿದ್ದದ್ದು 1970ರಿಂದ. ಟ್ಯಾಬ್ಲೆಟ್ ಎಣಿಸುವುದು 1601ರಿಂದ. ಅಲ್ಲಿಗೆ ಮುನ್ನೂರ ಅರವತ್ತೊಂಬತ್ತು ವರ್ಷದ ಅಂತರ. ಹಸು ನಿಜವಾಗಿ ಹುಟ್ಟಿದ್ದು 2016ರಲ್ಲಿ. ಆ ಸಾಲಿನ ತಲೆಯ ಮೇಲೆ ನೆಲ್ಲಿ ಒಂದು ಮಾತು ಬರೆದಿಟ್ಟಿದ್ದಳು: 'ಇದನ್ನು ಬೇರೆ ಯಂತ್ರಕ್ಕೆ ಒಯ್ಯುವವರೇ, ಮೊದಲು ಆ ಯಂತ್ರಕ್ಕೆ ಕಾಲ ಯಾವತ್ತು ಶುರುವಾಯಿತೆಂದು ಕೇಳಿ.'

ಎಬೆರ್ ಅದನ್ನು ಎರಡು ಸಲ ಓದಿದ. ಇಪ್ಪತ್ತು ವರ್ಷದ ಹಿಂದೆ, ಇನ್ನೂ ಹುಟ್ಟದ ಯಂತ್ರಗಳನ್ನೂ, ಇನ್ನೂ ಕಾಲೇಜು ಮೆಟ್ಟಿಲು ಹತ್ತದ ತನ್ನನ್ನೂ ಕಂಡು ಬರೆದ ಹಾಗಿತ್ತು ಆ ಮಾತು. ಎಂಟು ತಿಂಗಳಲ್ಲಿ ಅದರ ಪಕ್ಕ ನೂರು ಸಲ ಹಾದುಹೋಗಿದ್ದ, ಓದಿರಲಿಲ್ಲ. ಒಂದು ಸಾಲು ತಿದ್ದಿದ. ಅಷ್ಟೇ ಬೇಕಾಗಿದ್ದದ್ದು.

ಆಗಲೇ ಗ್ರಾಸಿಯೆಲಾಳ ಫೋನು ಬಂತು. ರೇಡಿಯೊ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ತಿದ್ದಿದ್ದಷ್ಟೇ ಸಾಲದು, ಇನ್ನು ಮುಂದೆ ಇಂಥ ನಗೆಪಾಟಲು ಆಗಲೇಬಾರದು ಎಂದಳು. ದೇಶದಲ್ಲಿ ಓಲೆ ಹಾಕಲು ಶುರುಮಾಡಿದ್ದು 2006ರಲ್ಲಿ. ಈಗ ಅದಕ್ಕಿಂತ ಹಿಂದೆ ಹುಟ್ಟಿದ ದನ ಎಲ್ಲಿ ಉಳಿದಿರುತ್ತದೆ? ಅಲ್ಲೊಂದು ಬೇಲಿ ಹಾಕು, ಹಿಂದಿನ ದಿನಾಂಕ ಬಂದರೆ ಪೆಟ್ಟಿಗೆ ಒಳಗೇ ಬಿಟ್ಟುಕೊಳ್ಳಬಾರದು.

ಎಬೆರ್ ಅನುಮಾನಿಸಿದ. ನೆಲ್ಲಿ ಅಂಥ ಬೇಲಿ ಎಲ್ಲೂ ಹಾಕಿರಲಿಲ್ಲ. ಅವಳ ಪೆಟ್ಟಿಗೆ ಕೊಟ್ಟದ್ದನ್ನು ಇಟ್ಟುಕೊಳ್ಳುತ್ತಿತ್ತೇ ಹೊರತು ನ್ಯಾಯ ಹೇಳುತ್ತಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ಗ್ರಾಸಿಯೆಲಾ, ನೆಲ್ಲಿಗೆ ಈಗ ಸಂಬಳ ಕೊಡುತ್ತಿರುವುದು ಜೇನುಹುಳ, ನಿನಗೆ ನಾನು ಎಂದಳು. ಎಬೆರ್ ಬೇಲಿ ಹಾಕಿದ. ಮೂರೂ ಸಿಸ್ಟಮ್ಮುಗಳಲ್ಲಿ ಪರೀಕ್ಷೆ ಹನ್ನೊಂದು ಸೆಕೆಂಡಿನಲ್ಲಿ ಪಾಸಾಯಿತು. ಮೂರು ಗಂಟೆಗೆ ಗ್ರಾಸಿಯೆಲಾ ಅದನ್ನು ಪರೀಕ್ಷೆಗೆಂದು ಹಂಚಿದ್ದ ಟ್ಯಾಬ್ಲೆಟ್‌ಗಳಿಗೂ ಫೋನುಗಳಿಗೂ ಆಫೀಸಿನ ಕಂಪ್ಯೂಟರಿಗೂ ಕಳಿಸಿದ್ದೂ ಆಯಿತು.

ಗೆದ್ದವನ ನಡಿಗೆಯಲ್ಲಿ ಅವನು ಹಟ್ಟಿಗೆ ಬಂದು ಕೋಲು ಹಿಡಿದ. ಕುಂಯ್. ಅಕ್ಟೋಬರ್ 2016.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಟೀಚರ್ ಓಲ್ಗಾ ಮಕ್ಕಳನ್ನು ಸಾಲು ಮಾಡಿಸಿಕೊಂಡು ಹೊರಟಳು. ಗಂಡಸರು ಮತ್ತೆ ಸಿಗರೇಟು ಹಚ್ಚಿದರು. ಅಂಗಡಿಯವನು ಹೋಗುವಾಗ, ಮುನ್ನೂರ ಅರವತ್ತೊಂಬತ್ತು ವರ್ಷವನ್ನು ಒಂದೇ ಏಟಿಗೆ ಕೊಂದ ಪುಣ್ಯಾತ್ಮ ಇವನೇ ಎಂದು ಹೆಂಡತಿಗೆ ತೋರಿಸಿದ.

ಲಾರಿ ಹಿಮ್ಮುಖವಾಗಿ ಬಂದು ಹಲಗೆಗೆ ತಾಗಿ ನಿಂತಿತು. ನಲವತ್ತೊಂದು ಹತ್ತಿದವು. ವಿಲ್ಮಾರ್ ಪಿತಾಂಗಾಳ ಬೆನ್ನು ತಟ್ಟಿದ. ಅವಳು ಎರಡು ಹೆಜ್ಜೆ ಇಟ್ಟಳು, ನಿಂತಳು. ಹಲಗೆಯ ಮೇಲೆ ದೊನ್ ಅಲ್ಸಿದೆಸ್ ನಿಂತಿದ್ದ, ಟೋಪಿಯನ್ನು ಎರಡು ಕೈಯಲ್ಲೂ ಹಿಂಡುತ್ತ.

"ಡಾಕ್ಟ್ರೇ, ನೀವು ಬಾಯಿ ನೋಡ್ದಾಗ್ಲೇ ನಂಗೆ ಗೊತ್ತಾಯ್ತು," ಎಂದ. "ಆ ಓಲೆ ಇವಳದ್ದಲ್ಲ."

ಮಿರ್ತಾ ಸಹಿಗೆಂದು ತೆಗೆದ ಪೆನ್ನಿಗೆ ಮುಚ್ಚಳ ಹಾಕಿದಳು.

"ಇವಳ ಓಲೆ ತಂತಿಬೇಲಿಗೆ ಸಿಕ್ಕಿ ಹರಿದುಹೋಯ್ತು. ಅದೇ ವಾರ ಒಂದು ಕರು ಹುಟ್ಟಿ ಸತ್ತಿತ್ತು, ಅದರ ಓಲೆ ಮನೇಲಿತ್ತು. ಅದನ್ನೇ ಇವಳಿಗೆ ಚುಚ್ಚಿದೆ. ನಿಜ ಹೇಳಿದ್ರೆ ಆಗ್ಲೇ ಇವಳಿಗೆ ಹದಿನೆಂಟು. ಇಷ್ಟು ಮುದುಕಿಯನ್ನ ಯಾಕಿಟ್ಕೊಂಡಿದೀಯಾ ಅಂತಾರಲ್ಲ. ನನ್ನ ಹೆಂಡ್ತಿ ಎಲ್ವೀರಾ ತೀರಿಹೋಗೋ ಮುಂಚೆ ಬಾಟ್ಲಿ ಹಾಲು ಕುಡಿಸಿ ಸಾಕಿದ ಕರು ಇದು. ತೊಂಬತ್ತೆಂಟರ ಚಳಿಗಾಲದಲ್ಲಿ ಹುಟ್ಟಿದ್ದು. ಬೆಳಿಗ್ಗೆ ಪೆಟ್ಟಿಗೆ ಆ ಇಸ್ವಿ ಹೇಳ್ದಾಗ, ದೇವ್ರೇ ಬಾಯಿ ಬಿಟ್ಟ ಅಂದ್ಕೊಂಡೆ."

ವಿಲ್ಮಾರ್ ಏನೋ ಹೇಳಲು ಹೋಗಿ ನಿಲ್ಲಿಸಿದ. ಲಾರಿಯ ಡ್ರೈವರ್ ಇಂಜಿನ್ ಆರಿಸಿದ. ಮಿರ್ತಾ ಹಸುವಿನ ಸುತ್ತ ಒಂದು ಸುತ್ತು ಬಂದು, ಇಪ್ಪತ್ತಾರು ವರ್ಷ ಎಂದು ತನಗೆ ತಾನೇ ಹೇಳಿಕೊಂಡಳು. ತನ್ನ ಮೂವತ್ತು ವರ್ಷದ ವೃತ್ತಿಯಲ್ಲಿ ಇಪ್ಪತ್ತು ದಾಟಿದ್ದನ್ನೇ ಕಂಡಿಲ್ಲವಂತೆ. ಬೆಳಿಗ್ಗೆ ಇಡೀ ಊರು ನಿಂತ ಹಾಗೆ ಈಗ ಅವಳು ನಿಂತಳು. ಎಬೆರ್ ಕೂಡ ನಿಂತ. ಅವನು ಸಿಸ್ಟಮ್ಮಿನಿಂದ ಸಿಸ್ಟಮ್ಮಿಗೆ ಹೊತ್ತು ತಂದ ಲೈಬ್ರರಿಗಿಂತ ಈ ಹಸು ಹಳೆಯದು. ಅದರ ಮೊದಲ ಸಾಲನ್ನು ನೆಲ್ಲಿ ಬರೆಯುವಾಗಲೇ ಇದು ಇದೇ ಹುಲ್ಲು ಮೇಯುತ್ತಿತ್ತು. ಅವನು ಮೆಲ್ಲಗೆ ಕೈ ಚಾಚಿ ಅದರ ಬಿಳಿಯ ಹಣೆಯನ್ನು ಮುಟ್ಟಿದ.

ಆಮೇಲೆ ಮಿರ್ತಾ ಕಾಗದದ ಮಾತಿಗೆ ಬಂದಳು. ದಂಡದ ವಿಷಯ ಆಮೇಲೆ ನೋಡೋಣ, ಮುದುಕ ತಾನಾಗಿ ಒಪ್ಪಿಕೊಂಡಿದ್ದಾನೆ. ಹಸು ಲಾರಿ ಹತ್ತುವ ಹಾಗಿಲ್ಲ, ಇಲ್ಲೇ ಇರಲಿ. ಆದರೆ ಹೊಸ ಓಲೆ ಹಾಕಿ ಸರಿಯಾದ ಹುಟ್ಟಿದ ದಿನವನ್ನು ಈಗಲೇ ನಮೂದಿಸಬೇಕು. ಅಲ್ಲಿಯವರೆಗೆ ಉಳಿದ ನಲವತ್ತೊಂದರ ಕಾಗದಕ್ಕೂ ಸಹಿ ಬೀಳುವುದಿಲ್ಲ, ಲಾರಿ ಹೊರಡುವುದಿಲ್ಲ. ಚೀಲದಿಂದ ಹೊಸ ಓಲೆ ತೆಗೆದು ತಾನೇ ಚುಚ್ಚಿದಳು.

ಎಬೆರ್ ಬೆರಳಿನ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡು, ಟ್ಯಾಬ್ಲೆಟ್ಟಿನಲ್ಲಿ ಜುಲೈ 1998 ಎಂದು ಬರೆದು ಒತ್ತಿದ. ಟ್ಯಾಬ್ಲೆಟ್ ಕೆಂಪು ಅಕ್ಷರ ತೋರಿಸಿತು, ಒಪ್ಪಲಿಲ್ಲ. ಇನ್ನೊಮ್ಮೆ ಒತ್ತಿದ. ಮಿರ್ತಾ ತನ್ನ ಫೋನಿನಲ್ಲಿ ನೋಡಿದಳು; ಅದೂ ಒಪ್ಪಲಿಲ್ಲ. ಆಫೀಸಿನ ಕಂಪ್ಯೂಟರಿನಲ್ಲಿ ಮಾಡಿಸಿ ನೋಡಿದರು, ಅಲ್ಲಿಯೂ ಅದೇ ಕೆಂಪು ಅಕ್ಷರ. ಮೂರು ಸಿಸ್ಟಮ್ಮುಗಳೂ ಒಂದು ಕೂದಲೆಳೆಯ ವ್ಯತ್ಯಾಸವಿಲ್ಲದೆ ಒಂದೇ ಮಾತು ಹೇಳಿದವು. ಎಂಟು ತಿಂಗಳು ಎಬೆರ್ ಹಂಬಲಿಸಿದ್ದು ಅದನ್ನೇ.

ಡ್ರೈವರ್ ಕೆಳಗಿಳಿದು ಬಂದ. ದನಗಳು ಲಾರಿಯೊಳಗೆ ಕೂಗತೊಡಗಿದವು. ಐದರ ಬಸ್ಸು ದೂರದಲ್ಲಿ ಧೂಳೆಬ್ಬಿಸಿಕೊಂಡು ಬಂದು, ಯಾರೂ ಕೈ ತೋರಿಸದ್ದರಿಂದ ನಿಲ್ಲದೆ ಹೋಯಿತು.

"ಏನಂತೆ ಮಗಾ?" ಎಂದು ದೊನ್ ಅಲ್ಸಿದೆಸ್ ಕೇಳಿದ.

"ಇಂಥ ಹಸು ಇರೋಕೇ ಸಾಧ್ಯವಿಲ್ಲವಂತೆ."

ಪಿತಾಂಗಾ ಕತ್ತು ಚಾಚಿ ಟ್ಯಾಬ್ಲೆಟ್ಟನ್ನು ಮೂಸಿದಳು.

"ಹಂಗಂತ ಯಾರು ಹೇಳಿದ್ದು?"

"ನಾನೇ," ಎಂದ ಎಬೆರ್.