ಖಾಲಿ ಡಬ್ಬಿ, ಎರಡು ದೇಶ

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಮಜ್ಜಿಗೆಯಲ್ಲಿ ಬಿತ್ತು ಎನ್ನುವ ಗಾದೆಯನ್ನು ನಮ್ಮಜ್ಜಿ ಯಾರ ಮೇಲೆ ಬೇಕಾದರೂ ಪ್ರಯೋಗಿಸುತ್ತಿದ್ದಳು. ಆಗ ನನಗೆ ಹಲ್ಲಿಯ ಬಗ್ಗೆ ಕನಿಕರವಿರಲಿಲ್ಲ, ಅಷ್ಟು ಮಜ್ಜಿಗೆ ಹಾಳಾಯಿತಲ್ಲ ಎನ್ನಿಸುತ್ತಿತ್ತು. ಇತ್ತೀಚೆಗೆ ಹಲ್ಲಿಯ ಕಡೆಯಿಂದ ಯೋಚಿಸುವುದನ್ನು ಕಲಿತಿದ್ದೇನೆ. ಬೀಳುವುದು ಅಂಥ ದೊಡ್ಡ ಸಂಗತಿಯಲ್ಲ. ಶಕುನ ಕೇಳಿದವರು ಪಕ್ಕದಲ್ಲೇ ನಿಂತು ನೋಡುತ್ತಾರಲ್ಲ, ಅದು ಕಷ್ಟ.

ನನ್ನ ಮನೆ ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರಿನಲ್ಲಿ, ನನ್ನ ಕೆಲಸ ಕೆನಡಾದ ಟೊರಾಂಟೋದಲ್ಲಿ. ಸೋಮವಾರ ಬೆಳಗ್ಗೆ ಪ್ರಿನ್ಸ್‌ಟನ್ ಜಂಕ್ಷನ್ನಿನಲ್ಲಿ ರೈಲು ಹತ್ತಿ ನ್ಯೂಅರ್ಕ್ ವಿಮಾನ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಹಾರಿ, ಮಧ್ಯಾಹ್ನದ ಊಟದ ಹೊತ್ತಿಗೆ ಬೇರೆ ದೇಶದಲ್ಲಿರುತ್ತೇನೆ. ಶುಕ್ರವಾರ ಸಂಜೆ ವಾಪಸು. ಹಿಂದಿನವರು ನದಿ ದಾಟಿ ಗದ್ದೆಗೆ ಹೋಗುತ್ತಿದ್ದಂತೆ ನಾನು ದೇಶ ದಾಟಿ ಆಫೀಸಿಗೆ ಹೋಗುತ್ತೇನೆ. ಇದರಿಂದಾಗಿ ನಮ್ಮ ಕನ್ನಡದವರ ನಡುವೆ ನನಗೊಂದು ಪದವಿ ಸಿಕ್ಕಿಬಿಟ್ಟಿತ್ತು. ಯಾರಿಗೇ ಗಡಿಯಾಚೆ ಕೆಲಸ ಸಿಗಲಿ, "ನಾಗರಾಜ್ ಅಂಕಲ್‌ನ ಕೇಳಿ" ಎನ್ನುತ್ತಿದ್ದರು. ನಾನೂ ಕೇಳುವುದಕ್ಕೇ ಕಾದಿರುತ್ತಿದ್ದೆ. ವರ್ಕ್ ಪರ್ಮಿಟ್ಟನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕಬೇಡಿ, ಕೈಚೀಲದಲ್ಲೇ ಇರಲಿ. ಎರಡೂ ದೇಶದ ತೆರಿಗೆ ಬಲ್ಲ ಅಕೌಂಟೆಂಟನ್ನು ಮೊದಲೇ ಹುಡುಕಿಕೊಳ್ಳಿ, ಮಾರ್ಚಿನಲ್ಲಿ ಅಳಬೇಡಿ. ನಿಮ್ಮ ಇನ್ಶೂರೆನ್ಸ್ ಆಚೆ ದೇಶದ ಜ್ವರಕ್ಕೆ ಅನ್ವಯಿಸುತ್ತದೋ ಇಲ್ಲವೋ ಜ್ವರ ಬರುವ ಮುಂಚೆಯೇ ಕೇಳಿ. ಅಧಿಕಾರಿ ಕೇಳಿದ್ದಕ್ಕಷ್ಟೇ ಉತ್ತರ ಕೊಡಿ, ತಮಾಷೆ ಬೇಡವೇ ಬೇಡ. ತಿನ್ನುವ ಪದಾರ್ಥ ಏನಿದ್ದರೂ ಬಾಯಿಬಿಟ್ಟು ಹೇಳಿ. ಹೇಳಿದರೆ ಪದಾರ್ಥ ಹೋಗುತ್ತದೆ, ಹೇಳದಿದ್ದರೆ ಮಾನ ಹೋಗುತ್ತದೆ. ಈ ಕೊನೆಯ ಮಾತನ್ನು ಸ್ವಲ್ಪ ನಿಲ್ಲಿಸಿ, ಚಪ್ಪಾಳೆಗೆ ಜಾಗ ಬಿಟ್ಟು ಹೇಳುತ್ತಿದ್ದೆ.

ಹೊರಟವರನ್ನು "ಎಲ್ಲಿಗೆ" ಎಂದು ಕೇಳಬಾರದು ಎಂದು ನಮ್ಮ ಹಿರಿಯರ ಕಟ್ಟಪ್ಪಣೆ. ಗಡಿಯಲ್ಲಿ ಕೂತವರ ಉದ್ಯೋಗವೇ ಅದನ್ನು ಕೇಳುವುದು. ವಾರಕ್ಕೆರಡು ಸಲ ಈ ಅಪಶಕುನ ಕೇಳಿಸಿಕೊಂಡೂ ಕೆಲಸ ಕೆಡದೆ ಇದ್ದದ್ದರಿಂದ ನನಗೆ ಧೈರ್ಯ ಹೆಚ್ಚಿತ್ತು. ಸಾಲದ್ದಕ್ಕೆ ನನ್ನ ಹತ್ತಿರ ಒಂದು ಕಾರ್ಡಿತ್ತು. ಇವನು ನಂಬಿಕಸ್ತ ಪ್ರಯಾಣಿಕ, ತಡೆಯಬೇಡಿ ಎಂದು ಎರಡು ಸರ್ಕಾರಗಳು ಸೇರಿ ಕೊಟ್ಟ ಕಾರ್ಡು. ಬೇರೆಯವರು ಹಾವಿನಂಥ ಸಾಲಿನಲ್ಲಿ ನಿಂತಿರುವಾಗ ನಾನು ಅದನ್ನು ತೋರಿಸಿ ಪಕ್ಕದ ದಾರಿಯಲ್ಲಿ ಮದುವಣಿಗನ ಹಾಗೆ ನಡೆದುಹೋಗುತ್ತಿದ್ದೆ. ಶುಕ್ರವಾರ ರಾತ್ರಿಯೂಟಕ್ಕೆ ಮನೆ ಸೇರುವುದು ಆ ಕಾರ್ಡಿನ ದಯೆಯಿಂದ. ಅದು ಹೋದರೆ ವಿಮಾನ ತಪ್ಪುತ್ತದೆ, ವಿಮಾನ ತಪ್ಪಿದರೆ ಊಟ ತಪ್ಪುತ್ತದೆ, ಆಮೇಲೆ ನನ್ನ ಹೆಂಡತಿ ಉಮಾ ಮಾತಾಡುವುದು ತಪ್ಪುತ್ತದೆ.

ಟೊರಾಂಟೋದಲ್ಲಿ ನಾನು ಇಳಿದುಕೊಳ್ಳುವುದು ವಿಮಲಕ್ಕನ ಮನೆಯ ಮಹಡಿಯ ಕೋಣೆಯಲ್ಲಿ. ಮೈಸೂರಿನ ಕಡೆಯವರು, ಎಪ್ಪತ್ತು ದಾಟಿದ್ದಾರೆ, ಗಂಡ ಹೋದಮೇಲೆ ಕೋಣೆ ಬಾಡಿಗೆಗೆ ಕೊಟ್ಟರು. ಬಾಡಿಗೆ ಕೋಣೆಗೆ ಮಾತ್ರ. ಬೆಳಗಿನ ಕಾಫಿ, ರಾತ್ರಿಯ ಸಾರು, ಕೆಮ್ಮಿದರೆ ಕಷಾಯ, ತಡವಾಗಿ ಬಂದರೆ ಬೈಗುಳ, ಇವಕ್ಕೆಲ್ಲ ಬಾಡಿಗೆ ಹಿಡಿಯುತ್ತಿರಲಿಲ್ಲ. ಒಮ್ಮೆ ಉಮಾ ಒಂದು ಸ್ಟೀಲ್ ಡಬ್ಬಿಯಲ್ಲಿ ಚಟ್ನಿಪುಡಿ ಕಳಿಸಿದಳು. ಅಲ್ಲಿಂದ ಶುರುವಾಯಿತು. ತುಂಬಿ ಬಂದ ಡಬ್ಬಿಯನ್ನು ಖಾಲಿ ಕೊಡಬಾರದು ಎಂದು ವಿಮಲಕ್ಕ ಅದರಲ್ಲಿ ಕೊಬ್ಬರಿ ಮಿಠಾಯಿ ಕಳಿಸಿದರು. ಮಿಠಾಯಿ ಬಂದ ಡಬ್ಬಿಯನ್ನು ಖಾಲಿ ಕಳಿಸುವುದುಂಟೇ ಎಂದು ಉಮಾ ನಿಪ್ಪಟ್ಟು ತುಂಬಿದಳು. ಒಬ್ಬರ ಮುಖ ಒಬ್ಬರು ನೋಡದ ಈ ಇಬ್ಬರು ಹೆಂಗಸರ ನಡುವೆ ಆ ಡಬ್ಬಿ ಓಡಾಡುತ್ತಲೇ ಇತ್ತು. ಜೊತೆಗೆ ನಾನೂ ಹೋಗಿಬರುತ್ತಿದ್ದೆ.

ಆ ಶುಕ್ರವಾರ ನಾನು ಫೋನಿನಲ್ಲಿ ಮೀಟಿಂಗಿನಲ್ಲಿದ್ದೆ. ವಿಮಲಕ್ಕ ಡಬ್ಬಿ ತಂದು, "ಉಮನ ಡಬ್ಬಿ ಕಣೋ, ಮರೀಬೇಡ" ಎಂದು ಚೀಲದೊಳಗೆ ತುರುಕಿದರು. ಎತ್ತಿ ನೋಡಿದೆ, ಹಗುರವಾಗಿತ್ತು. ಖಾಲಿ ಎಂದುಕೊಂಡೆ. ಕನ್ನಡದ ಹೆಂಗಸು ಕೊಟ್ಟ ಡಬ್ಬಿಯನ್ನು ಖಾಲಿ ಎಂದುಕೊಂಡವನಿಗೆ ಕಾರ್ಡು ಕೊಟ್ಟ ಸರ್ಕಾರಗಳನ್ನು ನೆನೆದರೆ ಅಯ್ಯೋ ಅನ್ನಿಸುತ್ತದೆ.

ಟೊರಾಂಟೋ ನಿಲ್ದಾಣದಲ್ಲಿ ಒಂದು ವಿಶೇಷವಿದೆ. ವಿಮಾನ ಹತ್ತುವ ಮೊದಲೇ ಅಮೆರಿಕದ ಅಧಿಕಾರಿಗಳು ಅಲ್ಲೇ ಕೂತು ತಪಾಸಣೆ ಮಾಡುತ್ತಾರೆ. ಆ ದಿನ ನನ್ನ ಹಿಂದೆ ನಿಖಿತಾ ಇದ್ದಳು. ನ್ಯೂಜೆರ್ಸಿಯ ಬಾಸ್ಕಿಂಗ್ ರಿಡ್ಜಿನ ಹುಡುಗಿ, ಅಮೆರಿಕದಲ್ಲೇ ಹುಟ್ಟಿದವಳು, ಆಗಷ್ಟೇ ಟೊರಾಂಟೋದಲ್ಲಿ ಕೆಲಸಕ್ಕೆ ಸೇರಿ ನನ್ನಂಥದೇ ಕಾರ್ಡು ಮಾಡಿಸಿಕೊಂಡಿದ್ದಳು. ನನ್ನ ಅಷ್ಟೂ ಪಾಠ ಹೇಳಿಸಿಕೊಂಡವಳು. ಒಂದು ಸಲ ಅವಳನ್ನು ವಿಮಲಕ್ಕನ ಮನೆಗೂ ಊಟಕ್ಕೆ ಕರೆದೊಯ್ದಿದ್ದೆ.

ತಿಂಡಿ, ಹಣ್ಣು, ಗಿಡ, ಎಲೆ ಏನಾದರೂ ಇದೆಯೇ ಎಂದು ಅಧಿಕಾರಿ ಕೇಳಿದ. "ನಥಿಂಗ್" ಎಂದೆ. ಚೀಲದಲ್ಲಿರುವ ಲೋಹದ ಡಬ್ಬಿ ಏನು ಎಂದ. "ಎಂಪ್ಟಿ" ಎಂದೆ, ನಿಖಿತಾಗೂ ಕೇಳಿಸಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ. ಅವನು ಮುಚ್ಚಳ ತೆಗೆದ. ಒಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಹಸಿರು ಹಸಿರು ಕರಿಬೇವು. ಅದರ ಘಮ ಆ ಸಾಲಿಗೆಲ್ಲ ಹರಡಿತು. ನಮ್ಮ ಮನೆಯ ಕುಂಡದ ಕರಿಬೇವನ್ನು ನಾನು ಚಳಿಗೆ ಒಳಗಿಡಲು ಮರೆತು ಕೊಂದಿದ್ದೆ. ಅಂಗಡಿಯದಕ್ಕೆ ವಾಸನೆಯೇ ಇಲ್ಲ ಎಂದು ಉಮಾ ಗೋಳಾಡಿದ್ದನ್ನು ವಿಮಲಕ್ಕನಿಗೆ ಹೇಳಿದವನೂ ನಾನೇ. ಅವರು ಕಿಟಕಿಯ ಪಕ್ಕ ಮಗುವಿನಂತೆ ಸಾಕಿದ್ದ ಗಿಡದಿಂದ ಕಿತ್ತು ಕಳಿಸಿದ್ದರು. ನಿಂಬೆ, ಕಿತ್ತಳೆಯ ತೋಟಗಳಿಗೆ ರೋಗ ತರಬಹುದೆಂದು ಈ ಎಲೆಯನ್ನು ಅಮೆರಿಕದೊಳಕ್ಕೆ ಬಿಡುವುದಿಲ್ಲ. ಇದನ್ನೂ ನಾನೇ ಎಲ್ಲರಿಗೂ ಹೇಳುತ್ತಿದ್ದೆ.

ಹೆಚ್ಚಿನ ವಿಚಾರಣೆಯ ಒಳಕೋಣೆಗೆ ನನ್ನನ್ನು ಕಳಿಸುವ ಮೊದಲು ಅವನು ಕೇಳಿದ: "ಇದನ್ನು ಕೊಟ್ಟವರು ಯಾರು? ಕೆನಡಾದಲ್ಲಿ ನಿಮಗೆ ಸಂಬಂಧಿಕರಿದ್ದಾರಾ?"

ಕಣ್ಣ ಮುಂದೆ ಕಾರ್ಡು ತೇಲುತ್ತಿತ್ತು. "ಇಲ್ಲ, ಯಾರೂ ಇಲ್ಲ. ಯಾರೋ ಒಬ್ಬ ಮುದುಕಿ. ನನಗೆ ಅಷ್ಟಾಗಿ ಗೊತ್ತಿಲ್ಲ" ಎಂದುಬಿಟ್ಟೆ. ಅವನು ಅದನ್ನು ಟೈಪ್ ಮಾಡಿಕೊಂಡ.

ಕರಿಬೇವು ಕಸಕ್ಕೆ ಹೋಯಿತು. ಕಾರ್ಡು ಅವನ ಮೇಜಿನಲ್ಲೇ ಉಳಿಯಿತು. ಡಬ್ಬಿಯನ್ನು ಮಾತ್ರ ಒರೆಸಿ ಮರ್ಯಾದೆಯಿಂದ ವಾಪಸು ಕೊಟ್ಟರು. ವಿಮಾನದಲ್ಲಿ ನಿಖಿತಾ ಪಕ್ಕಕ್ಕೆ ಬಂದು ಕೂತಳು. ಸುಮ್ಮನಿದ್ದರೆ ಚೆನ್ನಾಗಿತ್ತು.

"ಅಂಕಲ್, ದಟ್ ವಾಸ್ ವಿಮಲಾ ಆಂಟಿ, ರೈಟ್?"

"ಹ್ಞೂಂ."

"ಬಟ್ ಯೂ ಟೋಲ್ಡ್ ಮಿ ಷಿ ಈಸ್ ಲೈಕ್ ಯುವರ್ ಅಕ್ಕ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳಿಗೆ ನಿಜವಾಗಿಯೂ ಅನುಮಾನ ಬಂದಿತ್ತು. ಗಡಿಯಲ್ಲಿ ಹಾಗೆ ಹೇಳುವುದೂ ನನ್ನ ಪಾಠದ ಒಂದು ಭಾಗವೇನೋ ಎಂದು ಕೇಳುತ್ತಿದ್ದಳು.

ಉಮಾಳಿಗೆ ಕಾರ್ಡು ಹೋದದ್ದನ್ನು ಹೇಳಿದೆ, ಮುದುಕಿಯ ಮಾತು ಹೇಳಲಿಲ್ಲ. ಸೋಮವಾರ ಅವಳು ಅದೇ ಡಬ್ಬಿಯಲ್ಲಿ ಕೋಡುಬಳೆ ಕೊಟ್ಟಳು. ವಿಮಲಕ್ಕ ಬಾಗಿಲು ತೆಗೆಯುತ್ತಲೇ, "ಕರಿಬೇವು ಒಗ್ಗರಣೆಗೆ ಹೇಗಿತ್ತೋ?" ಎಂದರು. ಘಮಘಮ ಎನ್ನೋಣ ಎಂದು ಬಾಯಿ ತೆರೆದೆ. ಅವರ ಹಿಂದೆ, ಕಿಟಕಿಯ ಪಕ್ಕ, ಅರ್ಧ ಬೋಳಾದ ಗಿಡ ಕಾಣಿಸಿತು. ಬೂಟು ಕೂಡ ಬಿಚ್ಚದೆ ನಡೆದದ್ದನ್ನೆಲ್ಲ ಹೇಳಿಬಿಟ್ಟೆ.

ವಿಮಲಕ್ಕ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡರು. ಆಮೇಲೆ, "ಮುದುಕಿ ಅಂದ್ಯಾ, ಅನ್ನು. ಕನ್ನಡಿನೂ ಅದನ್ನೇ ಅನ್ನತ್ತೆ. ಗೊತ್ತಿಲ್ಲ ಅಂದ್ಯಲ್ಲ, ಅದ್ಯಾಕೋ?" ಎಂದರು.

"ಹೆದರಿಕೆ ಆಯ್ತು ಅಕ್ಕ."

"ಸರಿ, ಕೈಕಾಲು ತೊಳ್ಕೊ. ಸಾರು ಆರತ್ತೆ."

ಆ ವಾರವೆಲ್ಲ ಕಾಫಿ ಬಂತು, ಸಾರು ಬಂತು, ಬೈಗುಳ ಮಾತ್ರ ಬರಲಿಲ್ಲ. ತಡವಾಗಿ ಬಂದರೂ ಬೈಯಲಿಲ್ಲ. ಬಾಡಿಗೆದಾರನಾಗಿ ಇರುವುದೆಂದರೆ ಹೇಗೆ ಎಂದು ನನಗೆ ಆಗ ಗೊತ್ತಾಯಿತು. ಶುಕ್ರವಾರ ಹೊರಡುವಾಗ ಡಬ್ಬಿಯನ್ನು ಅವರೇ ಕೈಗೆ ಕೊಟ್ಟರು. "ಖಾಲಿ ಇದೆಯಪ್ಪ. ನಿನಗೆ ತೊಂದರೆ ಆಗಬಾರದಲ್ಲ." ತೆರೆದು ನೋಡುವ ಮುಖ ನನಗಿರಲಿಲ್ಲ. ಆ ಹೆಂಗಸು ಆಯುಷ್ಯದಲ್ಲಿ ಮೊದಲ ಸಲ ಒಂದು ಪಾತ್ರೆಯನ್ನು ಬರಿದಾಗಿ ಕಳಿಸುತ್ತಿದ್ದಾರೆ, ಅದಕ್ಕೆ ಕಾರಣ ನಾನು ಎಂದುಕೊಂಡು ಟ್ಯಾಕ್ಸಿ ಹತ್ತಿದೆ.

ಹಾವಿನ ಸಾಲಿನಲ್ಲಿ ಎಲ್ಲರ ಜೊತೆ ಹೆಜ್ಜೆ ಹೆಜ್ಜೆ ಜರುಗಿ ಮುಂದೆ ಬಂದೆ. ಬೇರೆ ಅಧಿಕಾರಿ. ಪಾಸ್‌ಪೋರ್ಟನ್ನು ಯಂತ್ರಕ್ಕೆ ಒತ್ತಿದ್ದೇ ತಡ, ಅವನ ಹುಬ್ಬು ಮೇಲೇರಿತು. ಡಬ್ಬಿ ಏನು ಎಂದ. "ಎಂಪ್ಟಿ" ಎಂದೆ, ಈ ಸಲ ಎದೆಯೊಳಗಿಂದ. ಅವನು ಮುಚ್ಚಳ ತೆಗೆದ. ತಳದಲ್ಲಿ ಸಣ್ಣದಾಗಿ ಮಡಿಸಿದ ಒಂದು ಟಿಷ್ಯೂ, ಅದರೊಳಗೆ ಹೊಳೆಯುವ ನಾಲ್ಕು ಹರಳು ಕಲ್ಲುಸಕ್ಕರೆ.

ಬರಿ ಡಬ್ಬಿ ಕೊಡಲು ವಿಮಲಕ್ಕನ ಕೈಗೆ ಬರಲೇ ಇಲ್ಲ. ಅಧಿಕಾರಿ ಮಾತ್ರ ಕೈಗವಸು ಹಾಕಿಕೊಂಡ. ಬಿಳಿ ಹರಳಿಗೆ ಅಮೆರಿಕದಲ್ಲಿ ಬೇರೆ ಅರ್ಥಗಳಿವೆ.

"ಹೂ ಗೇವ್ ಯೂ ದಿಸ್?"

ನನಗೆ ಕಣ್ಣು ಮಂಜಾಗಿತ್ತು. "ಮೈ ಸಿಸ್ಟರ್" ಎಂದೆ. "ನನ್ನ ಅಕ್ಕ. ಇಲ್ಲೇ ಇರ್ತಾರೆ."

ಅವನು ಪರದೆಯ ಮೇಲೆ ಓದಿದ. ಹೋದ ವಾರವಷ್ಟೇ ಕೆನಡಾದಲ್ಲಿ ಸಂಬಂಧಿಕರು ಯಾರೂ ಇಲ್ಲ ಎಂದು ಹೇಳಿದ್ದೀರಿ, ಯಾವುದು ನಿಜ ಎಂದ.

"ಎರಡೂ" ಎಂದೆ. ನಾನು ಇಷ್ಟು ವರ್ಷ ಮಾಡಿದ ಪಾಠದ ಪ್ರಕಾರ ಗಡಿಯಲ್ಲಿ ಇದಕ್ಕಿಂತ ಕೆಟ್ಟ ಉತ್ತರವಿಲ್ಲ. ಅವನು ಬೆರಳೆತ್ತಿ ತೋರಿಸುವ ಮೊದಲೇ ಡಬ್ಬಿ ಎತ್ತಿಕೊಂಡು ಒಳಕೋಣೆಯ ಕಡೆ ನಡೆದೆ. ದಾರಿ ಗೊತ್ತಿತ್ತು.