ಬೇರೂ ಬಿಡೆ, ಜಪವೂ ಬಿಡೆ

ಎರಡು ಕೆಲಸ ಬಲ್ಲವನಿಗೆ ಒಂದನ್ನು ಬಿಡು ಎಂದು ಹೇಳಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ನನಗೆ ಇಂಥವರು ಸಿಗದ ವರ್ಷವೇ ಇಲ್ಲ.

ತೊಂಬತ್ತರ ದಶಕದ ಆರಂಭ. ಪವಾಯಿಯ ನಮ್ಮ ಕಂಪನಿಯಲ್ಲಿ ಒಂದು ದೊಡ್ಡ ಕಂಪ್ಯೂಟರ್ ಇತ್ತು, ಅದಕ್ಕೆ ತಂತಿಯಿಂದ ಜೋಡಿಸಿದ, ಪರದೆ ಮತ್ತು ಕೀಲಿಮಣೆಯ ಎಂಟು ಟರ್ಮಿನಲ್‌ಗಳಿದ್ದವು. ಪರದೇಶಕ್ಕೆ ಹೋಗಿಬಂದ ಇಂಜಿನಿಯರ್ ಒಬ್ಬರು ಟೇಪಿನಲ್ಲಿ ಒಂದು ಆಟ ತಂದು ಅದಕ್ಕೆ ಹಾಕಿದರು. ಚಿತ್ರವಿಲ್ಲ, ಕಪ್ಪು ಪರದೆಯ ಮೇಲೆ ಬರೀ ಹಸಿರು ಅಕ್ಷರ. ಊಟದ ಬಿಡುವಿನಲ್ಲಿ ಎಂಟು ಜನ ಎಂಟು ಟರ್ಮಿನಲ್ ಮುಂದೆ ಕೂತು, ಒಂದೇ ಗುಹೆಗೆ ನುಗ್ಗಿ, ಒಂದೇ ರಾಕ್ಷಸನ ಮೇಲೆ ಬೀಳುತ್ತಿದ್ದೆವು. ಏಳು ಜನ ಕತ್ತಿ ಹಿಡಿದರು. ನಾನು ವೈದ್ಯನಾದೆ. ಏಟು ತಿಂದವರ ಪ್ರಾಣ ಉಳಿಸುವುದು ನನ್ನ ಕೆಲಸ.

೧. ಐದು ಮತ್ತು ಐದು

ವೈದ್ಯನಿಗೆ ಎರಡು ವಿದ್ಯೆ. ಬೇರು ಅರೆದು ಕೊಟ್ಟರೆ ಒಬ್ಬ ಗಾಯಾಳು ತಕ್ಷಣ ಎದ್ದು ನಿಲ್ಲುತ್ತಾನೆ. ಜಪ ಮಾಡಿದರೆ ಇಡೀ ತಂಡಕ್ಕೆ ಸ್ವಲ್ಪ ಸ್ವಲ್ಪವಾಗಿ ಜೀವ ಬರುತ್ತದೆ. ಕಲಿಯಲು ಸಿಗುವುದು ಒಟ್ಟು ಹತ್ತು ಪಾಠ, ಯಾವ ವಿದ್ಯೆಗೆ ಎಷ್ಟು ಎಂಬುದು ನಮ್ಮಿಷ್ಟ. ಜಾಣರು ಹತ್ತನ್ನೂ ಒಂದೇ ವಿದ್ಯೆಗೆ ಹಾಕುತ್ತಾರಂತೆ. ನಾನು ಐದು ಬೇರಿಗೆ ಹಾಕಿದೆ, ಐದು ಜಪಕ್ಕೆ.

ನಮ್ಮ ಮುಂದಾಳು ಧಾರವಾಡದ ಕಡೆಯ ಗೋದಾಮಿನ ಗುಮಾಸ್ತರು. ಎಲ್ಲರಿಗಿಂತ ಮುಂದೆ ನುಗ್ಗುವವರು, ಹಾಗಾಗಿ ಎಲ್ಲರಿಗಿಂತ ಮೊದಲು ಬೀಳುವವರು.

"ಏನ್ರಿ ಇದು? ಅರ್ಧಾ ಬೇರು, ಅರ್ಧಾ ಜಪ. ಒಂದ್ ಹಿಡೀರಿ, ನೆಟ್ಟಗ ಹಿಡೀರಿ" ಎಂದರು.

"ಮನೆಯಲ್ಲಿ ಮಗುವಿಗೆ ಜ್ವರ ಬಂದರೆ ಮಾತ್ರೆಯನ್ನೂ ಕೊಡುತ್ತಾರೆ, ದೃಷ್ಟಿಯನ್ನೂ ತೆಗೆಯುತ್ತಾರೆ. ನಿಮ್ಮ ತಾಯಿ ಒಂದನ್ನೇ ಮಾಡುತ್ತಿದ್ದರೇ?"

"ಎರಡೂ ಮಾಡ್ತಿದ್ಲು. ಆದ್ರ ನಮ್ಮವ್ವ ಎರಡನ್ನೂ ಪೂರಾ ಕಲ್ತಿದ್ಲರಿ."

೨. ಮಧ್ಯಾಹ್ನ ಸತ್ತವರು

ಒಂದು ಸಂಜೆ ಲೋಕಲ್ ರೈಲಿನಲ್ಲಿ ಗುಮಾಸ್ತರು ಇದೇ ವಾದ ಮುಂದುವರಿಸಿದರು.

"ನೀವು ಬೇರು ಕೊಟ್ಟಿದ್ರ ಇವತ್ತು ನಾ ಸಾಯ್ತಿರ್ಲಿಲ್ರಿ. ಜಪ ಮಾಡ್ಕೋತ ಕುಂತ್ರಿ."

"ಉಳಿದ ಆರು ಜನ ಬದುಕಿದರಲ್ಲ."

ಎದುರಿಗೆ ಕೂತಿದ್ದವರು ಗ್ರಾಂಟ್ ರೋಡಿನಲ್ಲಿ ಹೋಟೆಲ್ ಇಟ್ಟಿದ್ದ ಉಡುಪಿಯ ಹಿರಿಯರು. ಮುಂದಕ್ಕೆ ಬಾಗಿ, "ನೀವು ಡಾಕ್ಟರಾ ಮಾರಾಯ್ರೆ?" ಎಂದು ಕೇಳಿದರು.

"ವೈದ್ಯ" ಎಂದೆ.

"ಇವರು?"

"ನನ್ನ ರೋಗಿ. ಮಧ್ಯಾಹ್ನ ತೀರಿಕೊಂಡರು."

ಹಿರಿಯರು ಗುಮಾಸ್ತರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಮಧ್ಯಾಹ್ನ ಸತ್ತವರು ಸಂಜೆ ಖಾಲಿ ಡಬ್ಬಿ ಹಿಡಿದು ಮನೆಗೆ ಹೊರಟಿದ್ದಾರೆ. ನಿಮ್ಮ ಮದ್ದಿಗೆ ಏನೂ ಕೊರತೆ ಇಲ್ಲ ಮಾರಾಯ್ರೆ."

೩. ಮುಷ್ಕರ

ಆಟದ ನಿಯಮ ಬದಲಾಯಿಸುವ ಅಧಿಕಾರ ಇದ್ದದ್ದು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಸಾಹೇಬರೊಬ್ಬರಿಗೇ. ಗುಮಾಸ್ತರ ದೂರು ಅಲ್ಲಿಗೆ ಹೋಯಿತು.

"ಸೋಮವಾರದೊಳಗೆ ಒಂದು ವಿದ್ಯೆ ಬಿಡಿ, ಇಲ್ಲವಾದರೆ ನಾನೇ ಒಂದನ್ನು ಅಳಿಸುತ್ತೇನೆ" ಎಂದರು ಸಾಹೇಬರು.

ಗಿರಣಿಗಳ, ಮುಷ್ಕರಗಳ ಊರಿನಲ್ಲಿ ಹತ್ತು ವರ್ಷ ಬಾಳಿದವನಿಗೆ ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಸೋಮವಾರ ನನ್ನ ವೈದ್ಯನನ್ನು ಗುಹೆಯ ಬಾಗಿಲಲ್ಲಿ ಕೂರಿಸಿ, ವೈದ್ಯರು ಮುಷ್ಕರ ಹೂಡಿದ್ದಾರೆ ಎಂದು ಎಲ್ಲರ ಪರದೆಗೂ ಬರುವಂತೆ ಟೈಪ್ ಮಾಡಿದೆ.

ಸಾಹೇಬರು ನನ್ನ ಕುರ್ಚಿಯ ಹತ್ತಿರ ಬಂದರು. "ನೀವಿರುವುದು ಒಬ್ಬರು. ಒಬ್ಬರದು ಎಂಥ ಮುಷ್ಕರ?"

"ಇಬ್ಬರು ಸರ್. ಬೇರಿನವನು ಒಬ್ಬ, ಜಪದವನು ಒಬ್ಬ. ನೀವು ಒಬ್ಬನನ್ನು ಕೆಲಸದಿಂದ ತೆಗೆಯುತ್ತಿದ್ದೀರಿ, ಇನ್ನೊಬ್ಬ ಬೆಂಬಲಕ್ಕೆ ಕೂತಿದ್ದಾನೆ."

೪. ಬದಲಿ ವೈದ್ಯ

ಮುಷ್ಕರ ಮುರಿಯಲು ಸಾಹೇಬರು ತಾವೇ ಪ್ರೋಗ್ರಾಂ ಬರೆದು ಒಬ್ಬ ಯಂತ್ರವೈದ್ಯನನ್ನು ಗುಹೆಯಲ್ಲಿ ನಿಲ್ಲಿಸಿದರು. ಟೈಪ್ ಮಾಡುವವರೇ ಬೇಡ. ಯಾರಿಗೆ ಹೆಚ್ಚು ಗಾಯವಾಗಿದೆಯೋ ಅವರಿಗೆ ಅವನು ಮೊದಲು ಮದ್ದು ಕೊಡುತ್ತಿದ್ದ. ತಪ್ಪೇನಿಲ್ಲ, ಒಳ್ಳೆಯ ಆಸ್ಪತ್ರೆಗಳಲ್ಲೂ ಹಾಗೆಯೇ. ಆದರೆ ಏಳು ಜನ ಸೇರಿ ಒಬ್ಬನನ್ನು ಬಡಿಯುವಾಗ ಹೆಚ್ಚು ಗಾಯವಾಗುವುದು ಯಾರಿಗೆ ಎಂದು ಸಾಹೇಬರು ಯೋಚಿಸಿರಲಿಲ್ಲ.

"ಸಾಹೇಬ್ರ, ನಾ ಕಡದಂಗೆಲ್ಲಾ ರಾಕ್ಷಸ ಗಟ್ಟಿ ಆಗಾಕತ್ಯಾನ" ಎಂದರು ಗುಮಾಸ್ತರು.

ಆರು ಜನ ಬಿದ್ದರು. ಗುಮಾಸ್ತರು ಕೊನೆಯುಸಿರು ಹಿಡಿದುಕೊಂಡು ಗುಹೆಯ ಬಾಗಿಲಿಗೆ ಓಡಿಬಂದು ಕುಸಿದರು. "ಒಳಗ ಬರ್ರಿ. ಎರಡಲ್ಲ, ಹತ್ತು ವಿದ್ಯಾ ಇಟ್ಕೋರಿ."

"ನೀವು ಹೇಳಿದರೆ ಸಾಲದು" ಎಂದೆ.

ಸಾಹೇಬರು, ಎರಡೂ ವಿದ್ಯೆಗಳು ನನ್ನವೇ, ಯಾರೂ ಮುಟ್ಟುವಂತಿಲ್ಲ ಎಂದು ಎಲ್ಲರ ಪರದೆಯ ಮೇಲೂ ಬರೆದರು. ನಾನು ಗುಮಾಸ್ತರಿಗೆ ಬೇರು ಕೊಟ್ಟೆ. ಅವರು ಎದ್ದು ನಿಂತರು.

"ಸರಿ, ಇನ್ನು ಈ ಯಂತ್ರದವನನ್ನು ಅಳಿಸಿಬಿಡುತ್ತೇನೆ" ಎಂದರು ಸಾಹೇಬರು.

"ಆಗುವುದಿಲ್ಲ ಸರ್" ಎಂದೆ. "ಅವನೂ ವೈದ್ಯ. ಮುಷ್ಕರ ಮುಗಿದ ಮೇಲೆ ನಮ್ಮವರಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ. ತೆಗೆದರೆ ನಾವಿಬ್ಬರೂ ಮತ್ತೆ ಬಾಗಿಲಲ್ಲಿ ಕೂರುತ್ತೇವೆ."

ನಾನು ಆ ಕಂಪನಿ ಬಿಡುವ ದಿನದವರೆಗೂ ರಾಕ್ಷಸನ ಆರೋಗ್ಯ ಬಹಳ ಚೆನ್ನಾಗಿತ್ತು.