ಜೇವರ್ಗಿಯವನಿಗೆ ಬಿಸಿಲಿನ ಕೊರತೆ

ಮೈ ಬೆಳೆದಂತೆಲ್ಲ ನೆಲ ದೂರವಾಗುತ್ತಾ ಹೋಗುತ್ತದೆ. ತೆಳ್ಳಗಿರುವವರಿಗೆ ಇದು ತಿಳಿಯುವ ಸಂಗತಿಯಲ್ಲ. ಎಂಬತ್ತರ ದಶಕದಲ್ಲಿ ಜೇವರ್ಗಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನನಗೆ ಮೊಣಕಾಲು ನೋವಿನಿಂದ ಚಕ್ಕಳಮಕ್ಕಳ ಹಾಕಿ ಕೂರುವುದೇ ತಪ್ಪಿಹೋಗಿತ್ತು. ಊಟಕ್ಕೆ ನಾನು ಕುರ್ಚಿಯ ಮೇಲೆ, ಹೆಂಡತಿ ಗೌರಮ್ಮ ಕೆಳಗೆ ಒಲೆಯ ಪಕ್ಕ. "ಗದ್ದಿಗಿ ಮ್ಯಾಲಿನ ಸ್ವಾಮಿಗೆ ನೈವೇದ್ಯ ಕೊಟ್ಟಂಗ ಆಗ್ತದ್ರಿ. ಕೂಡಿ ಉಂಡು ಎಷ್ಟ್ ದಿನಾತು!" ಎಂದಳು ಒಮ್ಮೆ. ನಗುತ್ತಲೇ ಅಂದಳು, ಆದರೆ ಆ ಮಾತು ನನಗೆ ನಾಟಿತು. ಅವಳ ಪಕ್ಕ ನೆಲದ ಮೇಲೆ ಕೂತು ಒಂದು ಹೊತ್ತು ಉಣ್ಣಬೇಕೆಂಬ ಆಸೆ ಹತ್ತಿತು.

"ನಿಮಗ ಬಿಸಿಲಿನ ವಿಟಮಿನ್ ಕಮ್ಮಿ ಅದರಿ," ಎಂದರು ಡಾಕ್ಟರರು. ಸುಡುಬಿಸಿಲಿಗೇ ಹೆಸರಾದ ಜೇವರ್ಗಿಯವನಿಗೆ ಬಿಸಿಲು ಕಮ್ಮಿ! "ಕೊಬ್ಬು ಅದನ್ನ ತನ್ನೊಳಗ ಮುಚ್ಚಿಟ್ಕೋತದ, ಎಲುಬಿಗೆ ಸರಿಯಾಗಿ ಸಿಗಂಗಿಲ್ಲ. ವಾರಕ್ಕೊಮ್ಮೆ ಈ ಪುಡಿ ಹಾಲಾಗ ಕುಡೀರಿ. ಮುಂಜಾನಿ ಬಿಸಿಲಾಗ ಕುಂದರ್ರಿ. ಮೈ ಇಳಸ್ರಿ."

ಮರುದಿನದಿಂದ ಅಂಗಳದಲ್ಲಿ ಹಗ್ಗದ ಹೊರಸು ಮಂಚ ಹಾಕಿ ಕೂತೆ. ನಮ್ಮ ಕಡೆ ಮೈ ಮುಚ್ಚದೆ ಬಿಸಿಲಿಗೆ ಇಳಿಯುವ ಪದ್ಧತಿಯೇ ಇಲ್ಲ. ತುಂಬುತೋಳಿನ ಅಂಗಿ, ಧೋತರ, ತಲೆಗೆ ರುಮಾಲು, ಅದರ ಮೇಲೊಂದು ಬಿಳಿ ವಸ್ತ್ರ ಮುಖ ಮುಚ್ಚುವಂತೆ ಹೊದ್ದುಕೊಂಡೆ. ಆ ವಸ್ತ್ರದೊಳಗೆ ಸೋಸಿ ಬರುವ ಬೆಳಕು ಎಷ್ಟು ಹಿತ! ಕಣ್ಣು ಮುಚ್ಚಿದರೆ ಭೀಮಾ ಹೊಳೆಯಲ್ಲಿ ಅಂಗಾತ ತೇಲುತ್ತಿದ್ದೆ. ಮೈಗೆ ಭಾರವಿಲ್ಲ, ಮೊಣಕಾಲಿಗೆ ನೋವಿಲ್ಲ, ದಡದಲ್ಲಿ ಗೌರಮ್ಮ ಬುತ್ತಿ ಬಿಚ್ಚುತ್ತಿದ್ದಾಳೆ. ಕಚೇರಿಗೆ ಹೊತ್ತಾಯಿತೆಂದು ಅವಳೇ ಬಂದು ಅಲುಗಿಸಬೇಕಾಗುತ್ತಿತ್ತು.

ತಿಂಗಳಾದರೂ ಗುಣ ಕಾಣಲಿಲ್ಲ. "ಬಿಸಿಲಾಗ ಹ್ಯಾಂಗ ಕುಂದರ್ತೀರಿ?" ಎಂದು ಡಾಕ್ಟರರು ಕೇಳಿದರು. "ಮೈಗೆ ಒಂದೀಟೂ ಬಿಸಿಲು ತಾಗದಂಗ ಕುಂದರ್ತೇನ್ರೀ," ಎಂದೆ ಹೆಮ್ಮೆಯಿಂದ. ಅವರು ತಲೆ ಹಿಡಿದುಕೊಂಡರು.

ಆಮೇಲೆ ಬರಿಮೈಯಲ್ಲಿ ಕೂರುವ ಪಾಡು ಬಂತು. "ಗೌರಕ್ಕಾ, ಸಾಹೇಬರನ್ನ ಒಣಗಸಾಕತ್ತಿಯೇನು?" ಎಂದಳು ಪಕ್ಕದ ಮನೆಯಾಕೆ. "ಹೌದವಾ, ಶಂಡಿಗಿ ಮುಗೀತು, ಈಗ ಇವರ ಪಾಳಿ," ಎಂದಳು ನನ್ನ ಅರ್ಧಾಂಗಿ. ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿದೆ.

ಪುಡಿಯೋ ಬಿಸಿಲೋ ಸಂಜೆಯ ನಡಿಗೆಯೋ, ಕೆಲವು ತಿಂಗಳಲ್ಲಿ ನೋವು ಸಡಿಲಿತು. ಒಂದು ಭಾನುವಾರ ಮಧ್ಯಾಹ್ನ ಗೋಡೆ ಹಿಡಿದು, ಉಸಿರು ಕಟ್ಟಿ, ನೆಲ ಮುಟ್ಟಿಯೇಬಿಟ್ಟೆ. ಗೌರಮ್ಮ ತನ್ನ ತಾಟನ್ನು ನನ್ನ ತಾಟಿಗೆ ತಾಗುವಂತೆ ಸರಿಸಿದಳು. ಅವಳ ಕಣ್ಣು ತುಂಬಿತ್ತು, ನನ್ನದೂ. ಉಂಡಾದ ಮೇಲೆ ಕೈ ತೊಳೆಯಲು ಏಳಹೋದರೆ ಮೊಣಕಾಲು ಒಪ್ಪಲಿಲ್ಲ. ಕೂರುವ ಚಿಂತೆಯಲ್ಲಿ ಏಳುವುದನ್ನು ಯೋಚಿಸಿಯೇ ಇರಲಿಲ್ಲ. ಅವಳು ಎರಡೂ ಕೈ ಹಿಡಿದು ಜಗ್ಗಿದಳು, ನಾನು ಕದಲಲಿಲ್ಲ.

"ಈಗೇನ್ ಮಾಡೋದ್ರಿ?" ಎಂದಳು.

"ಹ್ಯಾಂಗೂ ಕುಂತೇನಿ," ಎಂದೆ, "ಇನ್ನೊಂದು ರೊಟ್ಟಿ ಹಾಕು."